ಚಿಂಚೋಳಿಯ ಸುಟ್ಟ ಕಾಡಿನಲ್ಲಿ ನನ್ನ ಬೇಸಿಗೆ

ಚಿಂಚೋಳಿ ಕಾಡಿನಲ್ಲಿ ಮೇ ತಿಂಗಳಲ್ಲಿ ಕೆಲಸ ಮಾಡಬೇಕೆಂದರೆ ಬೆಳಗ್ಗೆ ಆರಕ್ಕೆಲ್ಲ ಜಾಗ ಮುಟ್ಟಿರಬೇಕು. ಹನ್ನೊಂದು ದಾಟಿದರೆ ಕಲಬುರಗಿ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಎಂ.ಎಸ್ಸಿ ಓದುವಾಗ ನಾನು ಇಂಟರ್ನ್‌ಶಿಪ್‌ಗೆ ಹೋಗಿದ್ದು ಅಲ್ಲಿಗೆ. ಬೆಂಕಿ ಬಿದ್ದ ಕಾಡು ಮತ್ತೆ ಹೇಗೆ ಮೇಲೇಳುತ್ತದೆ ಎಂದು ನೋಡುವುದು ಕೆಲಸ. ಮನೆಯಲ್ಲಿ ಎಲ್ಲರೂ ನಾನು ಬೆಂಕಿ ಆರಿಸಲು ಹೋಗುತ್ತಿದ್ದೇನೆ ಅಂದುಕೊಂಡಿದ್ದರು!

ಈ ಕಾಡು ವನ್ಯಜೀವಿ ಧಾಮವಾದದ್ದು 2011ರಲ್ಲಿ. ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ಎಲೆ ಉದುರಿಸುವ ಗಿಡಗಳೇ ಜಾಸ್ತಿ. ಹಾಗಾಗಿ ಬೆಂಕಿ ತರಗೆಲೆ, ಒಣ ಹುಲ್ಲು ಹಿಡಿದು ನೆಲದ ಮೇಲೆಯೇ ಓಡುತ್ತದೆ.

ಸುಟ್ಟ ಜಾಗ ಹುಡುಕಲು ಉಪಗ್ರಹದ ಮಾಹಿತಿ ಸಿಗುತ್ತದೆ. ಆದರೆ ನಕ್ಷೆಯ ಒಂದು ಚುಕ್ಕೆ ಅಂದರೆ 375 ಮೀಟರ್ ಉದ್ದಗಲದ ಚೌಕ. ಅದರೊಳಗೆ ಎಲ್ಲಿ ಸುಟ್ಟಿದೆ ಎಂದು ನಡೆದೇ ನೋಡಬೇಕು. ನಮ್ಮ ಜೊತೆ ಬರುತ್ತಿದ್ದ ವಾಚರ್ ಕಾಕಾಗೆ ಚುಕ್ಕೆ ಬೇಕಿರಲಿಲ್ಲ. "ಗಾಳಿ ಈ ಕಡಿಂದ ಬಂದದ ನೋಡ್ರಿ" ಎಂದು ಬೊಡ್ಡೆ ತೋರಿಸುತ್ತಿದ್ದರು. ಗಾಳಿಗೆ ಬೆನ್ನು ಮಾಡಿದ ಬದಿಯಲ್ಲಿ ಉರಿ ಸುತ್ತಿಕೊಂಡು ಮೇಲೇರುತ್ತದೆ. ಕಪ್ಪು ಅಲ್ಲಿ ಎತ್ತರದವರೆಗೆ ಇರುತ್ತದೆ. ನಾವು ಆ ಎತ್ತರವನ್ನು ಟೇಪು ಹಿಡಿದು ಬರೆದುಕೊಳ್ಳುತ್ತಿದ್ದೆವು. ಅದರಿಂದ ಉರಿಯ ಜೋರು ಅಂದಾಜಾಗುತ್ತದೆ.

ಕಪ್ಪಾದ ಗಿಡವೆಲ್ಲ ಸತ್ತಿಲ್ಲ. ತೊಗಟೆಯನ್ನು ಚಾಕುವಿನಿಂದ ಚೂರೇ ಚೂರು ಕೆತ್ತಿದರೆ ಗೊತ್ತಾಗುತ್ತದೆ. ಒಳಗೆ ಹಸಿಯಾಗಿದ್ದರೆ ಆ ಭಾಗಕ್ಕೆ ಜೀವ ಇದೆ. ದಪ್ಪ ತೊಗಟೆಯ ದೊಡ್ಡ ಗಿಡಗಳು ಹೀಗೇ ಉಳಿಯುತ್ತವೆ. ಸಣ್ಣವುಗಳ ಕಥೆ ಬೇರೆ. ಸಾಗವಾನಿ, ಮುತ್ತುಗದ ಸಣ್ಣ ಗಿಡ ಮೇಲೆ ಪೂರ್ತಿ ಸುಟ್ಟರೂ ಬುಡದಿಂದ ಚಿಗುರುತ್ತದೆ, ಯಾಕೆಂದರೆ ಕೆಲವೇ ಇಂಚು ಮಣ್ಣಿನ ಕೆಳಗೆ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಮುಂದಿನ ಬೇಸಿಗೆಗೂ ಬೆಂಕಿ ಬಿದ್ದರೆ ಆ ಚಿಗುರೂ ಹೋಯಿತು. ಮತ್ತೆ ಬುಡದಿಂದಲೇ ಶುರು. ಬೇರಿಗೆ ಎಷ್ಟೋ ವರ್ಷ ವಯಸ್ಸು, ಗಿಡ ಮಾತ್ರ ಮೊಣಕಾಲೆತ್ತರ. ಸುಮ್ನೆ ಹಸಿರು ನೋಡಿ ಕಾಡು ಚೇತರಿಸಿಕೊಂಡಿತು ಅನ್ನುವುದು ಅದಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಉರಿಗೆ ಸಿಗದಷ್ಟು ಎತ್ತರಕ್ಕೆ ಎಷ್ಟು ಗಿಡ ಬೆಳೆದವು ಎಂದು ಎಣಿಸಬೇಕು. ಅದಕ್ಕೆ ನಡುವೆ ಕೆಲವು ವರ್ಷ ಬೆಂಕಿ ಬೀಳದೆ ಇರಬೇಕು, ಅಲ್ವಾ?

ಬೇಜಾರು ಹಿಡಿಸುವ ಕೆಲಸ ಅಂದರೆ ತರಗೆಲೆ ತೂಗುವುದು. ಸುಡದ ಜಾಗದಲ್ಲಿ ಒಂದು ಮೀಟರ್ ಚೌಕ ಹಾಕಿ, ಒಳಗಿನ ಎಲೆ, ಕಡ್ಡಿಯನ್ನೆಲ್ಲ ಬಾಚಿ ಅಲ್ಲೇ ತೂಗಬೇಕು. ತಡವಾದರೆ ತೇವ ಹಾರಿಹೋಗುತ್ತದೆ. ಗಾಳಿಗೆ ತಕ್ಕಡಿ ಅಲ್ಲಾಡುತ್ತದೆ. ಜೀಪಿನ ಮರೆಗೆ ಕೂತು ತೂಗುವುದೇ ಉಪಾಯ. ಆಮೇಲೆ ಲ್ಯಾಬಿನ ಓವನ್‌ನಲ್ಲಿ ಒಣಗಿಸಿ ಮತ್ತೆ ತೂಕ. ಎರಡರ ನಡುವಿನ ವ್ಯತ್ಯಾಸವೇ ನೀರಿನಂಶ. ಕಾಡು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಂದಾಜು ಅದರಿಂದ ಸಿಗುತ್ತದೆ.

ಹೋಗುವ ಮನಸ್ಸಿದ್ದವರು ಚಳಿಗಾಲದಲ್ಲೇ ಅರ್ಜಿ ಹಾಕಿ. ವನ್ಯಜೀವಿ ಧಾಮದೊಳಗೆ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಬೆವರಿಗೆ ಶಾಯಿ ಹರಡುತ್ತದೆ. ಬಟ್ಟೆ ಹಳೆಯದೇ ಇರಲಿ, ಇದ್ದಿಲ ಮಸಿ ಒಂದೆರಡು ಸಲ ಒಗೆದರೆ ಹೋಗುವುದಿಲ್ಲ.