ಹಕ್ಕಿನ ಸಾಲು, ಹೆಸರಿನ ಸಾಲು

ನಾನು ಸಣ್ಣದೊಂದು ಪ್ರಕಾಶನ ನಡೆಸುತ್ತೇನೆ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ನಾನು ಕೊನೆಯದಾಗಿ ನೋಡುವುದು ಶೀರ್ಷಿಕೆಯ ಹಿಂದಿನ ಪುಟ. ಅಲ್ಲಿ ‘ಹಕ್ಕುಗಳು’ ಎಂದು ಒಂದು ಸಾಲು, ಅದರ ಕೆಳಗೆ ‘ಮುಖಪುಟ ವಿನ್ಯಾಸ’ ಎಂದು ಇನ್ನೊಂದು ಸಾಲು. ಮುಖಪುಟ ಬರೆದವರ ಹೆಸರಲ್ಲಿ ಒಂದಕ್ಷರ ತಪ್ಪಿದರೂ ನನಗೆ ನಿದ್ದೆ ಬರುವುದಿಲ್ಲ. ಆದರೆ ನನ್ನದೇ ವೆಬ್‌ಸೈಟ್ ಮಾಡಿಸುವಾಗ ಈ ಎರಡು ಸಾಲುಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದರಿಂದ ಏನಾಯಿತು, ಎರಡನೇ ಸಲ ಹೇಗೆ ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನನ್ನ ಮತ್ತು ಡಿಸೈನರ್ ನಡುವೆ ಇದ್ದದ್ದು ಒಂದೇ ಇಮೇಲ್: ಎಷ್ಟು ಪುಟ, ಎಷ್ಟು ಹಣ, ಯಾವಾಗ ಮುಗಿಯುತ್ತದೆ. ಡೊಮೇನ್ (ಸೈಟಿನ ವಿಳಾಸದ ಹೆಸರು) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಜಾಗ) ಬಗ್ಗೆ ಕೇಳಿದ್ದಕ್ಕೆ ಡಿಸೈನರ್, ‘ಅದನ್ನೆಲ್ಲ ನಾನೇ ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ’ ಎಂದರು. ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ನನಗೆ ನೆರವಾಗಲೆಂದೇ ಹೇಳಿದ ಮಾತು ಅದು. ನಾಲ್ಕು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನಮ್ಮ ಲೇಖಕರೊಬ್ಬರು ಫೋನ್ ಮಾಡಿ ಸೈಟ್ ತೆರೆಯುತ್ತಿಲ್ಲ ಎಂದರು. ನೋಡಿದರೆ ನನ್ನ ಮೇಲ್ ಕೂಡ ಸತ್ತಿತ್ತು, ಏಕೆಂದರೆ ಮೇಲ್ ವಿಳಾಸವೂ ಅದೇ ಡೊಮೇನ್‌ನದು. ಡೊಮೇನ್ ಅವಧಿ ಮುಗಿದಿತ್ತು. ನವೀಕರಣದ ನೆನಪೋಲೆಗಳು ಡಿಸೈನರ್ ಎಂದೋ ಬಳಸುವುದನ್ನು ಬಿಟ್ಟಿದ್ದ ಒಂದು ಮೇಲ್‌ಗೆ ಹೋಗುತ್ತಿದ್ದವು. ಅವರು ಫೋನ್ ನಂಬರ್ ಕೂಡ ಬದಲಿಸಿದ್ದರು. ಸಿಕ್ಕಿದ್ದು ಮೂರನೇ ದಿನಕ್ಕೆ.

.ಕಾಮ್‌ನಂಥ ಹೆಸರುಗಳನ್ನು ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಸಂಸ್ಥೆ) ಅಳಿಸಿದ ಮೇಲೂ 30 ದಿನಗಳ ರಿಡೆಂಪ್ಷನ್, ಅಂದರೆ ಹಿಂಪಡೆಯುವ, ಅವಧಿ ಇರುತ್ತದೆ, ಹೆಚ್ಚಿನ ಶುಲ್ಕ ಕೊಟ್ಟು ಹಿಂಪಡೆಯಬಹುದು. ಆದರೆ ಹಿಂಪಡೆಯುವ ಅಧಿಕಾರ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರದು. ನಮ್ಮ ಪ್ರಕಾಶನದ ಹೆಸರಿನ ಡೊಮೇನ್, ಆದರೆ ರಿಜಿಸ್ಟ್ರಂಟ್ (ನೋಂದಣಿದಾರ) ಎಂಬ ಜಾಗದಲ್ಲಿ ಇದ್ದದ್ದು ಅವರ ಹೆಸರು. ಅವರು ಒಳ್ಳೆಯವರಾದ್ದರಿಂದ ಅರ್ಧ ಗಂಟೆಯಲ್ಲಿ ನವೀಕರಿಸಿ, ಹೆಸರನ್ನು ನನ್ನ ಖಾತೆಗೆ ದಾಟಿಸಿದರು. ಹೀಗೆ ರಿಜಿಸ್ಟ್ರಂಟ್ ಬದಲಾದದ್ದರಿಂದ 60 ದಿನ ಬೇರೆ ರಿಜಿಸ್ಟ್ರಾರ್ ಕಡೆಗೆ ಒಯ್ಯಲು ಆಗಲಿಲ್ಲ, ಕಾದೆ. ಅವರು ಸಿಗದೇ ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಎರಡನೇ ಪೆಟ್ಟು ಬೇರೆ ಥರದ್ದು. ಮರುವರ್ಷ ಸೈಟನ್ನು ಸ್ವಲ್ಪ ತಿದ್ದಲು ಇನ್ನೊಬ್ಬರಿಗೆ ಕೊಟ್ಟೆ. ಅವರು ಬಣ್ಣ ಬದಲಿಸಿದರು, ಮೊಬೈಲ್‌ನಲ್ಲಿ ಚೆನ್ನಾಗಿ ಕಾಣುವಂತೆ ಮಾಡಿದರು. ಆದರೆ ಪುಟದ ಅಡಿಯಲ್ಲಿದ್ದ ಹಳೆಯ ಡಿಸೈನರ್ ಹೆಸರು ತೆಗೆದು ತಮ್ಮ ಹೆಸರು ಹಾಕಿಕೊಂಡರು. ನಾನದನ್ನು ಗಮನಿಸಿರಲಿಲ್ಲ. ಒಂದು ವಾರಕ್ಕೆ ಮೊದಲಿನವರಿಂದ ಪತ್ರ ಬಂತು: ‘ಹಣ ಕೊಟ್ಟಿದ್ದೀರಿ, ಸೈಟ್ ನಿಮ್ಮದು, ಒಪ್ಪಿದೆ. ಆದರೆ ಆ ಪುಟಗಳನ್ನು ಕಟ್ಟಿದ್ದು ನಾನು. ಅಲ್ಲಿ ಇನ್ನೊಬ್ಬರ ಹೆಸರು ಇರುವುದು ಸರಿಯೇ?’ ಸರಿಯಲ್ಲ. ನನ್ನ ಪುಸ್ತಕವೊಂದರ ಎರಡನೇ ಮುದ್ರಣದಲ್ಲಿ ಹೀಗಾಗಿದ್ದರೆ ಪ್ರತಿಗಳನ್ನೇ ಹಿಂದಕ್ಕೆ ತರಿಸುತ್ತಿದ್ದೆ. ಅಂದೇ ಕ್ಷಮೆ ಕೇಳಿ ಉತ್ತರಿಸಿದೆ. ಪುಟದಲ್ಲಿ ಇಬ್ಬರ ಹೆಸರನ್ನೂ ಹಾಕಿಸಿದೆ.

ಆಮೇಲೆ ಕೂತು ಓದಿದೆ. ದುಡ್ಡು ಕೊಟ್ಟವರದೇ ಮಾಲು ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದರ ಕೃತಿಸ್ವಾಮ್ಯ ಸಾಮಾನ್ಯವಾಗಿ ಸಂಸ್ಥೆಯದು. ಹೊರಗಿನಿಂದ ಗೊತ್ತುಮಾಡಿಕೊಂಡ ಡಿಸೈನರ್ ಮಾಡಿದ್ದು, ಬರಹದಲ್ಲಿ ಬಿಟ್ಟುಕೊಡದಿದ್ದರೆ, ಬಹಳ ದೇಶಗಳಲ್ಲಿ ಅವರದೇ. ನನಗೆ ಬಳಸುವ ಅನುಮತಿ ಇರುತ್ತದೆ, ಅಷ್ಟೇ. ಅಮೆರಿಕದಲ್ಲಿ ‘ವರ್ಕ್ ಮೇಡ್ ಫಾರ್ ಹೈರ್’ (ಮಾಡಿಸಿದವರನ್ನೇ ಕೃತಿಕಾರರೆಂದು ಎಣಿಸುವ ಕೆಲಸ) ಎಂದು ಬರೆದುಕೊಂಡರೆ ಸಾಕು ಎಂದು ಹಲವರು ನಂಬುತ್ತಾರೆ. ಆದರೆ ಹೊರಗಿನವರಿಂದ ಮಾಡಿಸಿದ ಕೆಲಸಕ್ಕೆ ಅದು ಕಾಯ್ದೆ ಹೆಸರಿಸಿದ ಒಂಬತ್ತು ಬಗೆಗಳಲ್ಲಿ ಮಾತ್ರ ಅನ್ವಯಿಸುತ್ತದೆ, ವೆಬ್‌ಸೈಟ್ ಎಂಬ ಮಾತು ಅಲ್ಲಿಲ್ಲ. ಆದ್ದರಿಂದ ಹಕ್ಕು ವರ್ಗಾವಣೆಯನ್ನು ಬೇರೆಯಾಗಿ ಬರೆಯಲೇಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಇನ್ನೂ ಸೂಕ್ಷ್ಮ. ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಅದು ಐದೇ ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಜಗತ್ತಿಗೆಲ್ಲ ತೆರೆಯುವ ವೆಬ್‌ಸೈಟಿಗೆ ಇದು ಎಂಥ ತೊಡಕು ನೋಡಿ!

ಹೆಸರಿನದು ಬೇರೆಯೇ ದಾರಿ. ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಸೇರಿದ ಒಂದು ವಿಧಿಯ ಪ್ರಕಾರ, ಆರ್ಥಿಕ ಹಕ್ಕುಗಳನ್ನು ಮಾರಿದ ಮೇಲೂ ‘ಇದನ್ನು ಮಾಡಿದ್ದು ನಾನು’ ಎಂದು ಹೇಳುವ ಹಕ್ಕು ಕೃತಿಕಾರರಲ್ಲೇ ಉಳಿಯುತ್ತದೆ. ಭಾರತದ ಕಾಯ್ದೆಯಲ್ಲಿ ಇದು 57ನೇ ಕಲಮು. ಬ್ರಿಟನ್ನಿನ 1988ರ ಕಾಯ್ದೆಯಲ್ಲಿ ಕೃತಿಕಾರರು ಈ ಹಕ್ಕನ್ನು ತಾವಾಗಿಯೇ ಪ್ರತಿಪಾದಿಸಿರಬೇಕು. ಹಾಗೆಂದು ಪ್ರತಿ ಪುಟದ ಅಡಿಯಲ್ಲಿ ಹೆಸರು, ಲಿಂಕ್ ಹಾಕಲೇಬೇಕು ಎಂದು ಯಾವ ಕಾಯ್ದೆಯ ಬಲದ ಮೇಲೂ ಹಟ ಹಿಡಿಯುವುದು ಕಷ್ಟ. ಎಲ್ಲಿ, ಹೇಗೆ, ಎಷ್ಟು ಕಾಲ ಎಂಬುದನ್ನು ಮಾತಾಡಿಕೊಂಡೇ ತೀರ್ಮಾನಿಸಬೇಕು.

ಎರಡು ವರ್ಷದ ಹಿಂದೆ ಸೈಟನ್ನು ಪೂರ್ತಿ ಹೊಸದಾಗಿ ಮಾಡಿಸಿದೆ. ಈ ಸಲ ಕೆಲಸ ಶುರುವಾಗುವ ಮೊದಲೇ ಹೊಸ ಡಿಸೈನರ್ ಜೊತೆ ಎರಡು ಸಂಜೆ ಕೂತು ಒಪ್ಪಂದ ಬರೆದೆವು, ಆಮೇಲೆ ವಕೀಲರೊಬ್ಬರಿಗೆ ತೋರಿಸಿದೆವು. ಡೊಮೇನ್, ಹೋಸ್ಟಿಂಗ್ ಎರಡೂ ನನ್ನ ಖಾತೆಯಲ್ಲಿ, ನನ್ನ ಹಣದಲ್ಲಿ. ಡಿಸೈನರ್‌ಗೆ ಪ್ರತ್ಯೇಕ ಲಾಗಿನ್, ಕೆಲಸ ಮುಗಿದಾಗ ತೆಗೆಯುವಂಥದ್ದು. ಡೊಮೇನ್ ಖಾತೆಗೆ ಕೊಟ್ಟ ಇಮೇಲ್ ಮಾತ್ರ ಆ ಡೊಮೇನ್‌ನದಲ್ಲ.

ಬಹಳ ಹೊತ್ತು ಹಿಡಿದದ್ದು ‘ವೆಬ್‌ಸೈಟ್’ ಎಂದರೆ ಏನೇನು ಎಂದು ಬಿಡಿಸಿಡುವುದು. ಬರಹ, ಪುಸ್ತಕಗಳ ಚಿತ್ರ ನಾವು ಕೊಟ್ಟದ್ದು, ಅವು ನಮ್ಮವು. ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್, ಯಾರು ಬೇಕಾದರೂ ಬಳಸಿ ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿರುವುದರಿಂದ ಅದನ್ನು ನಮ್ಮಿಬ್ಬರಲ್ಲಿ ಯಾರೂ ತಮ್ಮದೆನ್ನುವಂತಿಲ್ಲ. ಹಣ ಕೊಟ್ಟು ತಂದ ಪ್ಲಗಿನ್ (ಸೈಟಿಗೆ ಸೌಲಭ್ಯ ಸೇರಿಸುವ ತಂತ್ರಾಂಶ) ಮತ್ತು ಫಾಂಟ್‌ಗಳ ಪರವಾನಗಿ ನನ್ನ ಹೆಸರಿನಲ್ಲೇ ಇರಬೇಕು ಎಂದೆ. ಡಿಸೈನರ್ ಹೆಸರಿನಲ್ಲಿದ್ದರೆ ಅವರು ನವೀಕರಿಸುವುದನ್ನು ಬಿಟ್ಟ ಮೇಲೆ ನಮ್ಮ ಸೈಟಿಗೆ ಅವುಗಳ ಹೊಸ ಆವೃತ್ತಿಗಳು ಸಿಗದೇ ಹೋಗಬಹುದು. ಡಿಸೈನರ್ ತಮ್ಮ ಎಲ್ಲ ಕೆಲಸಗಳಲ್ಲೂ ಬಳಸುವ ಕೋಡ್ ತುಣುಕುಗಳ ವಿಷಯಕ್ಕೆ ಬಂದಾಗ, ‘ಇವನ್ನು ಬಿಟ್ಟುಕೊಟ್ಟರೆ ನಾಳೆ ನಾನು ಬೇರೆಯವರಿಗೆ ಏನು ಮಾಡಿಕೊಡಲಿ?’ ಎಂದು ಕೇಳಿದರು. ಆ ಮಾತು ನ್ಯಾಯವಾದದ್ದು. ಆ ತುಣುಕುಗಳು ಅವರಲ್ಲೇ ಉಳಿದವು. ಈ ಸೈಟಿನಲ್ಲಿ ಶಾಶ್ವತವಾಗಿ ಬಳಸಲು, ಬೇರೆಯವರಿಂದ ತಿದ್ದಿಸಲು ನನಗೆ ಅನುಮತಿ. ಉಳಿದ ವಿನ್ಯಾಸ, ವಿನ್ಯಾಸದ ತಂತ್ರಾಂಶ ಫಿಗ್ಮಾದ ಮೂಲ ಕಡತಗಳೂ ಸೇರಿ, ಕೊನೆಯ ಕಂತು ಕೈಸೇರಿದ ದಿನದಿಂದ ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ನನ್ನದು. ‘ಕೊನೆಯ ಕಂತು’ ಎಂಬ ಮಾತು ಸೇರಿಸಿದ್ದು ಅವರು, ಮತ್ತು ಅದು ಅವರ ರಕ್ಷಣೆ. ನಾನು ಹಣ ಕೊಡದೆ ಸೈಟ್ ಇಟ್ಟುಕೊಳ್ಳುವಂತಿಲ್ಲ.

ಹೆಸರಿನ ಭಾಗ ನಾನೇ ಬರೆದೆ, ಇಷ್ಟಪಟ್ಟು ಬರೆದೆ. ಸೈಟಿನಲ್ಲಿ ‘ಈ ತಾಣದ ಬಗ್ಗೆ’ ಎಂದು ಒಂದು ಪುಟ, ಥೇಟ್ ಪುಸ್ತಕದ ಆ ಪುಟದ ಹಾಗೆ. ವಿನ್ಯಾಸ ಯಾರದು, ಕೋಡ್ ಯಾರದು, ಫಾಂಟ್ ಯಾವುದು, ಫೋಟೋ ತೆಗೆದವರು ಯಾರು. ಫೂಟರ್‌ನಿಂದ, ಅಂದರೆ ಪುಟದ ಅಡಿಯ ಪಟ್ಟಿಯಿಂದ, ಅಲ್ಲಿಗೆ ಒಂದು ಕೊಂಡಿ. ತಾವು ಮಾಡಿದ ಎಲ್ಲ ಸೈಟುಗಳ ಫೂಟರ್‌ನಲ್ಲಿ ಒಂದೇ ಲಿಂಕ್ ಹರಡುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ (ಹುಡುಕಾಟದಲ್ಲಿ ಮೇಲೆ ಬರಲು ಮಾಡುವ ಅಡ್ಡದಾರಿಗಳ ಪಟ್ಟಿ) ಹೆಸರಿಸಿರುವುದರಿಂದ ಡಿಸೈನರ್‌ಗೂ ಇದೇ ಹಿಡಿಸಿತು. ಮುಂದೆ ಬೇರೆಯವರು ತಿದ್ದಿದರೆ ಇವರ ಹೆಸರು ‘ಮೂಲ ವಿನ್ಯಾಸ’ ಎಂದು ಉಳಿಯಬೇಕು. ತಿದ್ದಿದ್ದು ಇಷ್ಟವಾಗದಿದ್ದರೆ ತಮ್ಮ ಹೆಸರು ತೆಗೆಸುವ ಅಧಿಕಾರವೂ ಅವರಿಗಿದೆ. ಮುಗಿದ ಕೆಲಸವನ್ನು ತಮ್ಮ ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದು, ಸೈಟ್ ಹೊರಬರುವ ಮುನ್ನ ಮಾತ್ರ ಬೇಡ ಎಂದೆ.

ಸೈಟ್ ಹೊರಬರುವ ಹಿಂದಿನ ದಿನ ಆ ಪುಟವನ್ನು ನಮ್ಮ ಮೊದಲ ಡಿಸೈನರ್‌ಗೂ ಕಳಿಸಿದೆ. ಹೊಸ ಸೈಟಿನಲ್ಲಿ ಅವರ ಪುಟಗಳು ಯಾವುವೂ ಉಳಿದಿರಲಿಲ್ಲ, ಹಳೆಯ ಸೈಟ್ ಕಟ್ಟಿದವರು ಎಂದು ನೆನೆದಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಮೂಲೆಯಲ್ಲಿರುವ ಲೋಗೋ ನಾನು ಬರೆದದ್ದಲ್ಲವೇ?’ ಹೌದು, ಅವರದೇ. ಅಷ್ಟು ವರ್ಷ ಪುಸ್ತಕಗಳ ಬೆನ್ನ ಮೇಲೆ ಅಚ್ಚಾಗುತ್ತಿದ್ದ ಆ ಗುರುತಿನ ಹಕ್ಕು ಯಾವ ಕಾಗದದಲ್ಲೂ ನನಗೆ ಬಂದಿರಲಿಲ್ಲ. ಬಿಡುಗಡೆಯನ್ನು ಒಂದು ವಾರ ಮುಂದೂಡಿ, ಅವರು ಕೇಳಿದ ಮೊತ್ತ ಕೊಟ್ಟು, ಒಂದು ಪುಟದ ವರ್ಗಾವಣೆ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು. ಅವಧಿ, ಪ್ರದೇಶ ಎರಡನ್ನೂ ಬರೆದೇ ಹಾಕಿದೆವು. ಆಮೇಲೆ ಆ ಪುಟಕ್ಕೆ ‘ಲೋಗೋ’ ಎಂಬ ಸಾಲು ಸೇರಿಸಿ ಅವರ ಹೆಸರು ಬರೆದೆ. ಈಗ ಹೊಸ ಪುಸ್ತಕಗಳಲ್ಲೂ ಆ ಸಾಲು ಬರುತ್ತಿದೆ.