ರೂಟ್ ನೇಮ್ ಸರ್ವರ್‌ಗಳ ಕೆಲಸವನ್ನು ಕಣ್ಣಾರೆ ನೋಡುವ ಬಗೆ
ಜಾಲತಾಣದ ಹೆಸರೊಂದು ಐಪಿ ವಿಳಾಸವಾಗಿ ಬದಲಾಗುವ ದಾರಿಯನ್ನು ತಿಳಿಯಲು, ಲಿನಕ್ಸ್ ಗಣಕದ ಟರ್ಮಿನಲ್ ತೆರೆದು, ಡಿಗ್ ಎಂಬ ಕಮಾಂಡ್‌ನ ಜೊತೆ ಟ್ರೇಸ್ ಆಯ್ಕೆಯನ್ನು ಪ್ಲಸ್ ಚಿಹ್ನೆಯೊಂದಿಗೆ ಸೇರಿಸಿ, ನಿಮಗೆ ಬೇಕಾದ ಡೊಮೈನ್ ಹೆಸರನ್ನು ಟೈಪ್ ಮಾಡಿ. ಮೊದಲಿಗೆ, ಹೆಸರಿನ ಹುಡುಕಾಟದ ಮೊದಲ ಮೆಟ್ಟಿಲಾದ, ಎ ಯಿಂದ ಎಂ ವರೆಗಿನ 13 ರೂಟ್ ಸರ್ವರ್‌ಗಳ ಹೆಸರುಗಳು ಕಾಣುತ್ತವೆ. ಇರುವುದು 13 ಯಂತ್ರಗಳಷ್ಟೇ ಎಂದು ದಯವಿಟ್ಟು ಭಾವಿಸಬೇಡಿ. ಎನಿಕಾಸ್ಟ್ ವಿಧಾನದಿಂದಾಗಿ ಒಂದೇ ವಿಳಾಸಕ್ಕೆ ಜಗತ್ತಿನ ಹಲವೆಡೆ ಇರುವ ಯಂತ್ರಗಳು ಉತ್ತರಿಸುತ್ತವೆ. ಮುಂದಿನ ಸಾಲುಗಳಲ್ಲಿ ರೂಟ್ ಸರ್ವರ್ ಕೊಟ್ಟ ಉತ್ತರವಿರುತ್ತದೆ: ಅದು ಡಾಟ್ ಕಾಮ್‌ನಂತಹ ವಲಯವನ್ನು ನೋಡಿಕೊಳ್ಳುವ ಸರ್ವರ್‌ಗಳನ್ನು ಮಾತ್ರ ತೋರಿಸುತ್ತದೆ. ಅಲ್ಲಿರುವ 172800 ಎಂಬ ಸಂಖ್ಯೆಯನ್ನು ವಿಶೇಷವಾಗಿ ಗಮನಿಸಬೇಕು. ಉತ್ತರವನ್ನು ಅಷ್ಟು ಸೆಕೆಂಡು, ಅಂದರೆ 2 ದಿನ, ಸಂಗ್ರಹಿಸಿಟ್ಟುಕೊಳ್ಳಬಹುದಾದ್ದರಿಂದಲೇ, ನಮ್ಮ ಪರವಾಗಿ ಹೆಸರಿನ ವಿಳಾಸವನ್ನು ಹುಡುಕಿಕೊಡುವ ರಿಸಾಲ್ವರ್‌ಗಳು ಪ್ರತಿಯೊಂದು ಪ್ರಶ್ನೆಗೂ ರೂಟ್ ಸರ್ವರ್‌ಗಳನ್ನು ಕೇಳಬೇಕಾಗಿಲ್ಲ.