ಅಮೆರಿಕದ ಕನ್ಸರ್ವೇಟಿವ್ ವಾದಗಳನ್ನು ಚುನಾವಣೆಯ ಕಾಲದಲ್ಲಿ ಓದುವುದು ಹೇಗೆ

ಅಮೆರಿಕದ ಚುನಾವಣೆಯ ಸುದ್ದಿ ಕನ್ನಡದ ಓದುಗರಿಗೆ ಹೆಚ್ಚಾಗಿ ಎರಡು ದಾರಿಗಳಲ್ಲಿ ತಲುಪುತ್ತದೆ. ಒಂದು, ಅಲ್ಲಿನ ಉದಾರವಾದಿ ಪತ್ರಿಕೆಗಳ ವರದಿಗಳನ್ನು ಆಧರಿಸಿದ ಸಂಕ್ಷಿಪ್ತ ಬರಹಗಳು. ಇನ್ನೊಂದು, ವಾಟ್ಸಾಪ್‌ನಲ್ಲಿ ಹರಿದಾಡುವ ಭಾಷಣದ ತುಣುಕುಗಳು. ಎರಡರಲ್ಲೂ ಅಮೆರಿಕದ ಬಲಪಂಥವು ಒಂದೇ ದನಿಯಲ್ಲಿ ಮಾತನಾಡುವ ಗುಂಪಿನಂತೆ ಕಾಣುತ್ತದೆ. ಆದರೆ ಸುಂಕ, ಯುದ್ಧ, ವಲಸೆ, ಸರ್ಕಾರದ ಖರ್ಚು ಎಂಬ ನಾಲ್ಕು ವಿಷಯಗಳಲ್ಲಿ ಅಲ್ಲಿನ ಕನ್ಸರ್ವೇಟಿವರು ಡೆಮಾಕ್ರಟರೊಂದಿಗೆ ಜಗಳವಾಡಿದಷ್ಟೇ ಜೋರಾಗಿ ತಮ್ಮತಮ್ಮಲ್ಲೂ ಜಗಳವಾಡುತ್ತಾರೆ. ಅವರ ವಾದವನ್ನು ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಅದಕ್ಕೂ ಮೊದಲು ಮಾತನಾಡುತ್ತಿರುವವರು ಯಾವ ಬಣದವರೆಂದು ಗುರುತಿಸುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ.

ಮೊದಲು ಬಣವನ್ನು ಗುರುತಿಸಿ

ಇದಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ. 1955ರಲ್ಲಿ ವಿಲಿಯಂ ಎಫ್. ಬಕ್ಲಿ ನ್ಯಾಷನಲ್ ರಿವ್ಯೂ ಪತ್ರಿಕೆಯನ್ನು ಆರಂಭಿಸಿದಾಗ ಅದರ ಸುತ್ತ ಸೇರಿದವರು ಮೂರು ಬಗೆಯವರು: ಸರ್ಕಾರ ಮಾರುಕಟ್ಟೆಗೆ ಕೈಹಾಕಬಾರದು ಎನ್ನುವವರು, ಧರ್ಮ ಮತ್ತು ಕುಟುಂಬದ ಕಟ್ಟುಪಾಡುಗಳು ಉಳಿಯಬೇಕು ಎನ್ನುವವರು, ಸೋವಿಯತ್ ಒಕ್ಕೂಟವನ್ನು ತಡೆಯುವುದೇ ಎಲ್ಲಕ್ಕಿಂತ ಮುಖ್ಯ ಎನ್ನುವವರು. 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ನಿಂತ ಈ ಕೂಟದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಕೇವಲ ಆರು ರಾಜ್ಯಗಳನ್ನು ಗೆದ್ದು ಸೋತರು. ಇಪ್ಪತ್ತು ವರ್ಷಗಳ ನಂತರ ಅದೇ ಕೂಟದ ರೊನಾಲ್ಡ್ ರೇಗನ್ 49 ರಾಜ್ಯಗಳನ್ನು ಗೆದ್ದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾದಾಗ ಮೂವರನ್ನೂ ಹಿಡಿದಿಟ್ಟಿದ್ದ ಸಮಾನ ಶತ್ರುವೂ ಇಲ್ಲವಾಯಿತು. ಮರುವರ್ಷವೇ ಅಂಕಣಕಾರ ಪ್ಯಾಟ್ ಬ್ಯುಕ್ಯಾನನ್ ಅವರು ಹಾಲಿ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ವಿರುದ್ಧ ಪಕ್ಷದೊಳಗೇ ಸ್ಪರ್ಧಿಸಿ, ಮುಕ್ತ ವ್ಯಾಪಾರ, ವಲಸೆ ಮತ್ತು ವಿದೇಶದ ಯುದ್ಧಗಳನ್ನು ಪ್ರಶ್ನಿಸಿದರು. ಅಂದು ಅವರು ಸೋತರು. ಟ್ರಂಪ್ 2016ರಲ್ಲಿ ಗೆದ್ದದ್ದು ಬಹುಮಟ್ಟಿಗೆ ಅದೇ ವಾದದ ಮೇಲೆ.

ಪಕ್ಷ ಎಷ್ಟು ದೂರ ಸಾಗಿದೆ ಎಂಬುದನ್ನು ಅಳೆಯಲು ಒಂದು ಲೆಕ್ಕ ಸಾಕು. ಮೆಕ್ಸಿಕೊ ಮತ್ತು ಕೆನಡಾಗಳೊಂದಿಗಿನ ನಾಫ್ಟಾ ವ್ಯಾಪಾರ ಒಪ್ಪಂದವು 1993ರಲ್ಲಿ ಪ್ರತಿನಿಧಿ ಸಭೆಯ ಮುಂದೆ ಬಂದಾಗ ಅದನ್ನು ಬೆಂಬಲಿಸಿದ ರಿಪಬ್ಲಿಕನ್ನರು 132 ಮಂದಿ, ಡೆಮಾಕ್ರಟರು 102 ಮಂದಿ. ಅಧ್ಯಕ್ಷರಾಗಿದ್ದವರೋ ಡೆಮಾಕ್ರಟ್ ಪಕ್ಷದ ಕ್ಲಿಂಟನ್. ಇಂದು ಅದೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರು ಸುಂಕವನ್ನು ತಮ್ಮ ಆರ್ಥಿಕ ನೀತಿಯ ನಡುಗಂಬವಾಗಿಸಿಕೊಂಡಿದ್ದಾರೆ, ಮತ್ತು ವಾಲ್ ಸ್ಟ್ರೀಟ್ ಜರ್ನಲ್‌ನ ಸಂಪಾದಕೀಯ ಪುಟ ಕನ್ಸರ್ವೇಟಿವ್ ಆಗಿಯೇ ಉಳಿದು ಅದನ್ನು ಬಿಡದೆ ಟೀಕಿಸುತ್ತಿದೆ. ಹೀಗಾಗಿ ಯಾವುದೇ ಬಲಪಂಥೀಯ ಲೇಖನವನ್ನು ಕೈಗೆತ್ತಿಕೊಂಡಾಗ ಸುಂಕದ ಬಗ್ಗೆ ಲೇಖಕರ ನಿಲುವೇನು ಎಂದು ಮೊದಲು ನೋಡಿರಿ. ಅರ್ಧ ಪರಿಚಯ ಅಲ್ಲಿಯೇ ಸಿಗುತ್ತದೆ. ಉಳಿದರ್ಧಕ್ಕೆ ವಿದೇಶದ ಯುದ್ಧದ ಪ್ರಶ್ನೆಯನ್ನು ಕೇಳಿರಿ. 2025ರ ಜೂನ್‌ನಲ್ಲಿ ಇರಾನ್‌ನ ಅಣು ನೆಲೆಗಳ ಮೇಲಿನ ದಾಳಿಯ ಸುತ್ತ ಮಾಧ್ಯಮ ನಿರೂಪಕ ಟಕ್ಕರ್ ಕಾರ್ಲ್‌ಸನ್, ಟ್ರಂಪ್ ಅವರ ಹಿಂದಿನ ಸಲಹೆಗಾರ ಸ್ಟೀವ್ ಬ್ಯಾನನ್ ಯುದ್ಧ ಬೇಡವೆನ್ನುವ ಕಡೆ ನಿಂತರೆ ರೇಡಿಯೊ ನಿರೂಪಕ ಮಾರ್ಕ್ ಲೆವಿನ್, ಸೆನೆಟರ್ ಲಿಂಡ್ಸೆ ಗ್ರಹಾಂ ದಾಳಿಯನ್ನು ಬೆಂಬಲಿಸುವ ಕಡೆ ನಿಂತರು. ನಾಲ್ವರೂ ಟ್ರಂಪ್ ಅವರ ಬೆಂಬಲಿಗರೆನಿಸಿಕೊಂಡವರೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂಥ ಪರಿಸ್ಥಿತಿ.

ಮಾತಿಗಿಂತ ಮತವನ್ನು ನೋಡಿ

ಟಿವಿ ಚರ್ಚೆಯಲ್ಲಿ ಹೇಳಿದ್ದಕ್ಕೂ ಸದನದಲ್ಲಿ ಮಾಡಿದ್ದಕ್ಕೂ ನಡುವಿನ ಅಂತರವನ್ನು ನೋಡುವುದು ಎಲ್ಲಕ್ಕಿಂತ ಫಲಕಾರಿಯಾದ ಅಭ್ಯಾಸ. ಅಮೆರಿಕದ ಸಂಸತ್ತಿನ ಮುಖ್ಯ ಮಸೂದೆಗಳ ಮೇಲೆ ಯಾರು ಹೇಗೆ ಮತ ಹಾಕಿದರು ಎಂಬ ಹೆಸರುವಾರು ಪಟ್ಟಿ ಎರಡೂ ಸದನಗಳ ಜಾಲತಾಣಗಳಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯಿದ್ದು ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು ಬರುವುದರಿಂದ ಇಂಥ ಪಟ್ಟಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿ ಅಂಥ ಕಾಯ್ದೆಯಿಲ್ಲ; ಆದ್ದರಿಂದ ಒಂದೊಂದು ಮತಕ್ಕೂ ಒಂದೊಂದು ಕಾರಣವಿರುತ್ತದೆ.

2025ರ ಜುಲೈ 4ರಂದು ಕಾನೂನಾದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಎಂಬ ತೆರಿಗೆ ಮತ್ತು ಖರ್ಚಿನ ಮಸೂದೆಯನ್ನು ಹೀಗೆ ಓದಿ ನೋಡೋಣ. ಸೆನೆಟ್‌ನಲ್ಲಿ ಅದು 50-50 ಸಮಬಲಕ್ಕೆ ಬಂದು ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರ ಮತದಿಂದ ಪಾರಾಯಿತು. ವಿರೋಧಿಸಿದ ರಿಪಬ್ಲಿಕನ್ ಸೆನೆಟರುಗಳು ಮೂವರು. ಕೆಂಟಕಿಯ ರ‍್ಯಾಂಡ್ ಪಾಲ್ ಅವರ ಆಕ್ಷೇಪ ಮಸೂದೆಯು ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್‌ನಷ್ಟು ಏರಿಸುತ್ತದೆ ಎಂಬುದಾಗಿತ್ತು. ಉತ್ತರ ಕ್ಯಾರೊಲಿನಾದ ಥಾಮ್ ಟಿಲ್ಲಿಸ್ ಮತ್ತು ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಅವರ ಆಕ್ಷೇಪ ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್‌ನ ಕಡಿತಕ್ಕೆ ಸಂಬಂಧಿಸಿತ್ತು. ಒಬ್ಬರಿಗೆ ಮಸೂದೆ ಖರ್ಚನ್ನು ಸಾಕಷ್ಟು ಕಡಿತಗೊಳಿಸಿರಲಿಲ್ಲ, ಇಬ್ಬರಿಗೆ ಕಡಿತವೇ ಅತಿಯಾಗಿತ್ತು. ಇವರೆಲ್ಲರಿಗಿಂತ ಹೆಚ್ಚು ಗಮನಿಸಬೇಕಾದವರು ಮಿಸೌರಿಯ ಜೋಷ್ ಹಾಲೀ. ಮೆಡಿಕೈಡ್ ಕಡಿತ ನೈತಿಕವಾಗಿ ತಪ್ಪೆಂದು ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬರೆದಿದ್ದ ಅವರು ಜುಲೈನಲ್ಲಿ ಮಸೂದೆಯ ಪರವಾಗಿಯೇ ಮತ ಹಾಕಿದರು. ಕಾರ್ಮಿಕ ವರ್ಗದ ಪರವಾದ ಹೊಸ ಬಲಪಂಥ ಎಂಬ ಮಾತನ್ನು ತೂಗುವಾಗ ಈ ಮತವನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ.

ಟಿಲ್ಲಿಸ್ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಅವರು ಮಸೂದೆಯನ್ನು ಚರ್ಚೆಗೆತ್ತಿಕೊಳ್ಳುವುದನ್ನೇ ವಿರೋಧಿಸಿದಾಗ, ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಎದುರಾಳಿಯನ್ನು ನಿಲ್ಲಿಸುವ ಮಾತನ್ನು ಟ್ರಂಪ್ ಆಡಿದರು. ಮರುದಿನವೇ ಟಿಲ್ಲಿಸ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಪ್ರಕಟಿಸಿದರು. ಅಮೆರಿಕದಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್ ಅಲ್ಲ, ಪ್ರೈಮರಿಯ ಮತದಾರರು. ರಿಪಬ್ಲಿಕನ್ನರೇ ಸುಲಭವಾಗಿ ಗೆಲ್ಲುವ ಕ್ಷೇತ್ರಗಳಲ್ಲಿ ನಿಜವಾದ ಚುನಾವಣೆ ಅದೇ. ವಯೋಮಿಂಗ್‌ನ ಲಿಜ್ ಚೆನಿ 2022ರಲ್ಲಿ ಸೋತದ್ದು ಡೆಮಾಕ್ರಟರಿಗಲ್ಲ, ತಮ್ಮದೇ ಪಕ್ಷದ ಪ್ರೈಮರಿಯಲ್ಲಿ. ಆದ್ದರಿಂದ ನವೆಂಬರ್‌ನ ಫಲಿತಾಂಶವನ್ನಷ್ಟೇ ಓದುವವರಿಗೆ ಬಲಪಂಥದೊಳಗಿನ ಕಥೆ ಅರ್ಧವೇ ಸಿಗುತ್ತದೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರೈಮರಿಗಳನ್ನು ಬಿಡಬೇಡಿ.

ಚುನಾವಣೆಯ ನಿಯಮಗಳ ಕುರಿತ ವಾದಗಳು

ಇಲ್ಲಿ ಎರಡು ಸಂಗತಿಗಳು ಕಲಬೆರಕೆಯಾಗುತ್ತವೆ. ಮತ ಹಾಕಲು ಗುರುತಿನ ಚೀಟಿ ಕಡ್ಡಾಯವಾಗಬೇಕು, ಅಂಚೆ ಮತಗಳು ಮತದಾನದ ದಿನದೊಳಗೆ ತಲುಪಬೇಕು, ನೋಂದಣಿಗೆ ಪೌರತ್ವದ ದಾಖಲೆ ಬೇಕು ಎಂಬಂಥವು ನೀತಿಯ ವಾದಗಳು. ಎಪಿಕ್ ಚೀಟಿ ಹಿಡಿದು ಮತಗಟ್ಟೆಗೆ ಹೋಗಿ ರೂಢಿಯಾದ ನಮಗೆ ಮೊದಲನೆಯದು ವಿವಾದವೇ ಅಲ್ಲವೆನಿಸಬಹುದು. ಆದರೆ ಅಲ್ಲಿ ಕೇಂದ್ರ ಸರ್ಕಾರವು ಎಲ್ಲರಿಗೂ ಉಚಿತವಾಗಿ ಕೊಡುವ ಅಂಥ ಚೀಟಿಯೇ ಇಲ್ಲ ಮತ್ತು ಚುನಾವಣೆಯನ್ನು ರಾಜ್ಯಗಳೇ ನಡೆಸುತ್ತವೆ ಎಂಬುದನ್ನು ಸೇರಿಸಿಕೊಂಡು ಓದಬೇಕು. 2020ರ ಚುನಾವಣೆಯನ್ನು ಕದಿಯಲಾಯಿತು ಎಂಬುದು ನೀತಿಯ ವಾದವಲ್ಲ, ವಾಸ್ತವದ ಕುರಿತ ಹೇಳಿಕೆ. ಅದನ್ನು ಸಾಕ್ಷ್ಯದಿಂದಲೇ ಅಳೆಯಬೇಕು. ಅದರ ಪರವಾಗಿ ಹೂಡಿದ ಹತ್ತಾರು ಮೊಕದ್ದಮೆಗಳು ಬಿದ್ದುಹೋದವು, ಟ್ರಂಪ್ ಅವರೇ ನೇಮಿಸಿದ ನ್ಯಾಯಾಧೀಶರೂ ಕೆಲವನ್ನು ತಳ್ಳಿಹಾಕಿದರು, ಜಾರ್ಜಿಯಾದಲ್ಲಿ ಮತಪತ್ರಗಳನ್ನು ಕೈಯಿಂದ ಮರುಎಣಿಕೆ ಮಾಡಿದಾಗಲೂ ಬೈಡನ್ ಅವರೇ ಗೆದ್ದರು. ಆ ರಾಜ್ಯದ ಚುನಾವಣೆಯ ಹೊಣೆ ಹೊತ್ತಿದ್ದ ಬ್ರ್ಯಾಡ್ ರ‍್ಯಾಫೆನ್ಸ್‌ಪರ್ಗರ್ ರಿಪಬ್ಲಿಕನ್ನರು. ಟ್ರಂಪ್ ಅವರ ವಿರೋಧದ ನಡುವೆಯೂ 2022ರ ಪ್ರೈಮರಿಯನ್ನು ಗೆದ್ದರು. ಮೊದಲ ಬಗೆಯ ವಾದವನ್ನು ಮಂಡಿಸುವ ಲೇಖಕರೆಲ್ಲರೂ ಎರಡನೆಯದನ್ನು ನಂಬುತ್ತಾರೆ ಎಂದು ಭಾವಿಸುವುದು ಅನ್ಯಾಯ. ಮೊದಲನೆಯದು ಸಮಂಜಸವೆನಿಸಿತೆಂದು ಎರಡನೆಯದನ್ನೂ ನುಂಗಿಬಿಡುವುದು ಅಪಾಯ.

ಕ್ಷೇತ್ರ ಮರುವಿಂಗಡಣೆಯ ಜಗಳದಲ್ಲೂ ಇಂಥ ಬಿರುಕನ್ನು ಕಾಣಬಹುದು. ಟೆಕ್ಸಸ್ 2025ರಲ್ಲಿ, ಜನಗಣತಿಗೆ ಕಾಯದೆ, ರಿಪಬ್ಲಿಕನ್ನರಿಗೆ ಅನುಕೂಲವಾಗುವ ಹೊಸ ನಕ್ಷೆಯನ್ನು ಅಂಗೀಕರಿಸಿತು; ಕ್ಯಾಲಿಫೋರ್ನಿಯಾದ ಡೆಮಾಕ್ರಟರು ಅದಕ್ಕೆ ತಮ್ಮದೇ ನಕ್ಷೆಯಿಂದ ಉತ್ತರಿಸಿದರು. ಆದರೆ ಇಂಡಿಯಾನಾ ರಾಜ್ಯದ ಸೆನೆಟ್ ಡಿಸೆಂಬರ್‌ನಲ್ಲಿ ಟ್ರಂಪ್ ಅವರ ಒತ್ತಡವನ್ನು ಲೆಕ್ಕಿಸದೆ ಅಂಥ ನಕ್ಷೆಯನ್ನು 31-19 ಮತಗಳಿಂದ ತಿರಸ್ಕರಿಸಿತು, ಮತ್ತು ಆ 31ರಲ್ಲಿ 21 ಮಂದಿ ರಿಪಬ್ಲಿಕನ್ನರು.

ಗೆಲುವಿನ ಗಾತ್ರವನ್ನು ಅಳೆಯುವಾಗ

ಗೆದ್ದವರು ಜನಾದೇಶವೆನ್ನುತ್ತಾರೆ, ಅದು ಎಲ್ಲೆಡೆಯ ವಾಡಿಕೆ. 2024ರಲ್ಲಿ ಟ್ರಂಪ್ ಏಳೂ ನಿರ್ಣಾಯಕ ರಾಜ್ಯಗಳನ್ನು ಗೆದ್ದು, ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಎಲೆಕ್ಟೋರಲ್ ಮತಗಳಲ್ಲಿ 312ನ್ನು ಪಡೆದರು. ಒಟ್ಟು ಜನಮತದಲ್ಲಿ ಅವರ ಮುನ್ನಡೆ ಶೇ 1.5ರಷ್ಟು. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರರಲ್ಲಿ ಸೇರಿ ಅಂತರ ಸುಮಾರು 2.3 ಲಕ್ಷ ಮತಗಳಷ್ಟಿತ್ತು, ಮತ್ತು ಆ ಮೂರು ರಾಜ್ಯಗಳು ಆ ಕಡೆ ವಾಲಿದ್ದರೆ ಎದುರಾಳಿ ಕಮಲಾ ಹ್ಯಾರಿಸ್ ಅವರಿಗೆ ಗೆಲ್ಲಲು ಬೇಕಾದ 270 ಸರಿಯಾಗಿ ಸಿಗುತ್ತಿತ್ತು. 2020ರ ಲೆಕ್ಕ ಇನ್ನೂ ಕಿರಿದು: ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳ ಸುಮಾರು 43,000 ಮತಗಳ ಅಂತರ ತಿರುಗಿದ್ದರೆ 269-269 ಆಗುತ್ತಿತ್ತು. ಬಲಪಂಥದ ಲೇಖನವು ಒಂದನ್ನು ಭರ್ಜರಿ ಎಂದು, ಎಡಪಂಥದ್ದು ಇನ್ನೊಂದನ್ನು ಸ್ಪಷ್ಟ ತೀರ್ಪು ಎಂದು ಕರೆದಾಗ ಈ ಎರಡು ಲೆಕ್ಕಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಪಕ್ಷದ ಗೆಲುವು ಪಕ್ಷದ ಎಲ್ಲ ನಿಲುವುಗಳ ಗೆಲುವಲ್ಲ ಎಂಬುದಕ್ಕೆ ಗರ್ಭಪಾತದ ಪ್ರಶ್ನೆಯೇ ಸಾಕ್ಷಿ. ಗರ್ಭಪಾತದ ಹಕ್ಕನ್ನು ಇಡೀ ದೇಶಕ್ಕೆ ಕೊಟ್ಟಿದ್ದ 1973ರ ರೋ ತೀರ್ಪನ್ನು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ರದ್ದುಪಡಿಸಿದ್ದು ಕನ್ಸರ್ವೇಟಿವ್ ಚಳವಳಿಯ ಅರ್ಧ ಶತಮಾನದ ಗುರಿಯ ಸಾಧನೆ. ಎರಡೇ ತಿಂಗಳೊಳಗೆ, ರಿಪಬ್ಲಿಕನ್ನರ ಕೋಟೆಯಾದ ಕಾನ್ಸಾಸ್‌ನ ಮತದಾರರು ಗರ್ಭಪಾತದ ರಕ್ಷಣೆಯನ್ನು ರಾಜ್ಯದ ಸಂವಿಧಾನದಿಂದ ತೆಗೆಯುವ ಪ್ರಸ್ತಾವವನ್ನು ಸೋಲಿಸಿದರು. 2024ರಲ್ಲಿ ಮಿಸೌರಿಯ ಜನ ಒಂದೇ ದಿನ, ಒಂದೇ ಮತಪತ್ರದಲ್ಲಿ ಟ್ರಂಪ್ ಅವರನ್ನೂ ಗೆಲ್ಲಿಸಿದರು, ಗರ್ಭಪಾತದ ಹಕ್ಕನ್ನೂ ಗೆಲ್ಲಿಸಿದರು.

ಬೆಂಗಳೂರಿಗೆ ತಟ್ಟುವ ಜಗಳ

ಕನ್ನಡಿಗ ಕುಟುಂಬಗಳಿಗೆ ನೇರವಾಗಿ ತಾಗುವುದು ಎಚ್-1ಬಿ ವೀಸಾ. ಅನುಮೋದನೆಯಾಗುವ ಎಚ್-1ಬಿ ಅರ್ಜಿಗಳಲ್ಲಿ ಶೇ 70ಕ್ಕಿಂತ ಹೆಚ್ಚು ಭಾರತೀಯರವು. 2024ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಬಲಪಂಥ ಬಹಿರಂಗವಾಗಿಯೇ ಸೀಳಿತು: ಎಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ವೀಸಾದ ಪರವಾಗಿ, ಬ್ಯಾನನ್ ಮತ್ತು ಟ್ರಂಪ್ ಬೆಂಬಲಿಗ ಕಾರ್ಯಕರ್ತೆ ಲಾರಾ ಲೂಮರ್ ವಿರುದ್ಧವಾಗಿ ನಿಂತರು, ಟ್ರಂಪ್ ಅಂದು ವೀಸಾದ ಪರ ಮಾತನಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಅವರೇ ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿದರು, ನವೆಂಬರ್‌ನಲ್ಲಿ ಫಾಕ್ಸ್ ನ್ಯೂಸ್ ಸಂದರ್ಶನದಲ್ಲಿ ಕೆಲವು ಬಗೆಯ ಪ್ರತಿಭೆ ಅಮೆರಿಕದಲ್ಲಿಲ್ಲ ಎಂದೂ ಹೇಳಿದರು. ಒಂದು ಭಾಷಣ ಕೇಳಿ ವೀಸಾ ಹೋಯಿತೆಂದು ಕಂಗಾಲಾಗುವುದಾಗಲಿ, ಇನ್ನೊಂದನ್ನು ಕೇಳಿ ಉಳಿಯಿತೆಂದು ನಿರಾಳವಾಗುವುದಾಗಲಿ ಬೇಡ. ಸಹಿಯಾದ ಆದೇಶದ ಪಠ್ಯ, ಅದು ಯಾರಿಗೆ ಅನ್ವಯಿಸುತ್ತದೆ ಎಂಬ ಸಾಲು, ನ್ಯಾಯಾಲಯದಲ್ಲಿ ಅದರ ಸ್ಥಿತಿ, ಈ ಮೂರನ್ನು ಓದಿರಿ.

2026ರ ನವೆಂಬರ್ 3ಕ್ಕೆ ನಿಗದಿಯಾಗಿರುವ ಮಧ್ಯಾವಧಿ ಚುನಾವಣೆಯನ್ನು ಹೀಗೆ ಓದಬೇಕೆನ್ನುವವರು ಎರಡು ಭಿನ್ನ ಬಣಗಳ ಪತ್ರಿಕೆಗಳನ್ನು ಆರಿಸಿಕೊಳ್ಳಲಿ: ಹಳೆಯ ಬಣಕ್ಕೆ ನ್ಯಾಷನಲ್ ರಿವ್ಯೂ, ಬ್ಯುಕ್ಯಾನನ್ ಅವರ ದಾರಿಯ ಬಣಕ್ಕೆ ಅವರೇ 2002ರಲ್ಲಿ ಇತರರೊಂದಿಗೆ ಸೇರಿ ಸ್ಥಾಪಿಸಿದ ದಿ ಅಮೆರಿಕನ್ ಕನ್ಸರ್ವೇಟಿವ್. ಒಂದೇ ವಾರದ ಒಂದೇ ಘಟನೆಯ ಮೇಲಿನ ಎರಡೂ ಲೇಖನಗಳನ್ನು ಓದಿ, ಇಬ್ಬರೂ ಒಪ್ಪುವ ಅಂಶವನ್ನೂ ಇಬ್ಬರೂ ಜಗಳವಾಡುವ ಅಂಶವನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳಿ. ಎರಡನೆಯ ಪಟ್ಟಿಯೇ ಉದ್ದವಾಗುವ ಸಾಧ್ಯತೆ ಹೆಚ್ಚು, ಮತ್ತು ಮುಂದಿನ ಅಧ್ಯಕ್ಷೀಯ ಪ್ರೈಮರಿಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳು ಕಾದಾಡುವ ವಿಷಯಗಳು ಅದರಲ್ಲೇ ಇರುತ್ತವೆ.